ಸದಾ ಮಾಲೆಯಲ್ಲಿದ್ದ ಸಾಮಿ

ನಿನ್ನೆ ಕೊರಟಗೆರೆ ಬಸ್ಸಿಗೆ ಅಯ್ಯಪ್ಪ ಮಾಲೆ ಹಾಕಿದವರ ಗುಂಪೊಂದು ಹತ್ತಿತು. ಗಂಧ, ಕರ್ಪೂರ, ಬೆವರು ಎಲ್ಲ ಬೆರೆತ ವಾಸನೆ. ಕಂಡಕ್ಟರು ಅವರನ್ನೆಲ್ಲ ಸಾಮಿ, ಸಾಮಿ ಅಂತ ಮುಂದೆ ತಳ್ಳುತ್ತಿದ್ದ. ನನಗೆ ನೆನಪಾದದ್ದು ಒಬ್ಬರೇ ಸಾಮಿ...

ಸಿರಾ ಕಡೆಯ ಲಾರಿ ಡ್ರೈವರು ಅವರು. ನಾನಾಗ ಮಧುಗಿರಿಯಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರಿಗೆ ತಿಳಿಹೇಳುವ ಕೆಲಸದಲ್ಲಿದ್ದೆ. ನಿಮಗೆ ಎಚ್‌ಐವಿ ಇದೆ ಅಂತ ಅವರಿಗೆ ಹೇಳಿದವಳೂ ನಾನೇ. ಕೇಳಿಸಿಕೊಂಡು, ಚೀಟಿ ಮಡಚಿ ಜೇಬಿಗಿಟ್ಟು ಹೋದರು. ಮುಂದಿನ ಸಲ ಮಾತ್ರೆಗೆ ಬಂದಾಗ ಕಪ್ಪು ಪಂಚೆ, ಕೊರಳಲ್ಲಿ ಮಾಲೆ. ಅದರ ಮುಂದಿನ ಸಲವೂ ಹಾಗೇ. ಊರವರೆಲ್ಲ ಸಂಕ್ರಾಂತಿ ಮುಗಿಸಿ ಮಾಲೆ ತೆಗೆದರೆ, ಇವರು ಒಂದು ಯಾತ್ರೆಯಿಂದ ಬಂದು ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದರು.

ಮಾಲೆ ಹಾಕಿದವನು ಹೆಂಡತಿ ಪಕ್ಕ ಮಲಗುವಂತಿಲ್ಲ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೇ. ಹೆಂಡತಿಗೆ ಕಾಯಿಲೆ ಅಂಟಬಾರದು, ಕಾಯಿಲೆ ಇರುವುದು ಗೊತ್ತೂ ಆಗಬಾರದು.

ಕಾಂಡೋಮಿನ ಮಾತು ತೆಗೆದರೆ ಸಾಕು, ಮಾಲೆಯಲ್ಲಿರುವವನ ಮುಂದೆ ಅದೆಲ್ಲ ಆಡಬಾರದು ಅಂತ ಎರಡೂ ಕಿವಿ ಮುಚ್ಚಿಕೊಳ್ಳೋರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಪಾವಗಡದಲ್ಲಿ ನಮ್ಮಮ್ಮ ಕಡ್ಲೆಕಾಯಿ ಹೊಲಗಳಲ್ಲಿ ಕೂಲಿ ಮಾಡಿ ಓದಿಸಿದ್ದು ನಾನು ನಾಚಿಕೊಂಡು ಕೂರಲಿ ಅಂತಲ್ಲ. ಒಂದು ದಿನ ಗಟ್ಟಿಯಾಗೇ ಕೇಳಿದೆ: “ಸಾಮಿ, ಮಾಲೆ ಹಾಕೋಕೆ ಮುಂಚೇನೇ ನಿಮ್ಮ ಮನೆಯವರಿಗೆ ಬಂದಿದ್ರೆ? ಅವರಿಗೂ ಮಾತ್ರೆ ಬೇಡ್ವಾ?”

ಅವರ ಕೈ ಕಿವಿಯಿಂದ ಇಳಿಯಿತು.

ಮುಂದಿನ ವಾರ ಹೆಂಡತಿಯನ್ನು ಕರೆತಂದರು. ನನ್ನೆದುರಿಗೇ ಎಲ್ಲ ಹೇಳಿದರು. ಎಲ್ಲಿಂದ ತಂದೆ ಇದನ್ನ ಅಂತ ಆಯಮ್ಮ ಬೈದರು, ಅತ್ತರು. ರಕ್ತ ಕೊಟ್ಟು ಬಂದು ಬೆಂಚಿನ ಆ ತುದಿಗೆ ಆಯಮ್ಮ, ಈ ತುದಿಗೆ ಇವರು... ಆಯಮ್ಮನಿಗೆ ಸೋಂಕಿರಲಿಲ್ಲ. ಇಬ್ಬರೂ ದೂರವಾಗಿ ಎಷ್ಟೋ ತಿಂಗಳಾಗಿದ್ದರಿಂದ ಸೋಂಕು ತಡವಾಗಿ ಕಾಣಿಸಿಕೊಂಡೀತು ಅನ್ನುವ ಅನುಮಾನಕ್ಕೂ ಎಡೆಯಿರಲಿಲ್ಲ.

ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಇವ್ರಿಗೆ ನಾನೇ ಬ್ಯಾಡ್ವಾದೆ ಅಂದ್ಕಂಡಿದ್ದೆ ಕಣಮ್ಮ.” ಆಮೇಲೆ ಗಂಡನಿಗೆ, “ಇನ್ನ ಸಾಕು, ಆ ಅಯ್ಯಪ್ಪನ್ನೂ ಒಸಿ ನೆಮ್ಮದಿಯಾಗಿರಕ್ಕೆ ಬುಡಿ.”

ಆವತ್ತು ಆ ಮನುಷ್ಯ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ.

ಆಮೇಲೆ ಕಾಂಡೋಮ್ ಮುಗಿದರೆ ತಾವೇ ಬಂದು ಕೇಳೋರು, ಮೀಸೆಯೊಳಗೇ ನಗುತ್ತಾ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿಯಿತು. ಹೀಗಿರುವ ತನಕ ಜೊತೆಗಿದ್ದರೂ ಹೆಂಡತಿಗೆ ಅಂಟುವುದಿಲ್ಲ ಅಂತ ಡಾಕ್ಟರು ಅಂದಾಗ, ಇನ್ನೊಂದು ಸಲ ಹೇಳಿ ಸಾರ್ ಅಂದರಂತೆ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ನಿನ್ನೆ ಬಸ್ಸಿಳಿದವಳೇ ಆಯಮ್ಮನಿಗೆ ಫೋನು ಮಾಡಿ, ಯಜಮಾನರ ಬಗ್ಗೆ ಬರೆಯಲಾ, ಹೆಸರು ಹಾಕಲ್ಲ ಅಂದೆ.

“ಬರಿಯಮ್ಮ. ಮುಚ್ಚಿಟ್ಕಂಡು ಕಳೆದ ದಿನ ದಂಡ ಆದ್ವು, ಅಷ್ಟೇಯ. ಆಮ್ಯಾಲೆ ಚೆಂದಾಗಿ ಬಾಳುದ್ವಿ... ಅದಕ್ಕೇ ಈಗ ಮಗ್ಗುಲು ಖಾಲಿ ಅನ್ನುಸ್ತದೆ.”