ಅಣ್ಣನ ಮುಖದ ಮೇಲೆ ಇಸ್ತ್ರಿ

ಬೀದಿಯವರೆಲ್ಲ ಅವಳನ್ನು ಕರೆಯುವುದು ಇಸ್ತ್ರಿ ಅಕ್ಕ ಎಂದು. ಅವಳಿಗಿಂತ ದೊಡ್ಡವರೂ ಅಕ್ಕ ಅನ್ನುತ್ತಾರೆ. ಬಿಸಿ ಪೆಟ್ಟಿಗೆ ಹಿಡಿದವಳ ಹತ್ತಿರ ವಯಸ್ಸಿನ ಲೆಕ್ಕ ಯಾಕೆ? ಅಂಗಡಿ ಎಂದರೆ ಒಂದು ಮೇಜು, ಬಟ್ಟೆಗಂಟು ಇಡುವ ಹಲಗೆ, ಮೂಲೆಯಲ್ಲೊಂದು ಸ್ಟೂಲು. ಗಿರಣಿ ಕೆಲಸದಿಂದ ನಿವೃತ್ತನಾದ ಮೇಲೆ ಅವಳ ಅಪ್ಪ ಆ ಸ್ಟೂಲಿನ ಮೇಲೆ ಕೂತುಬಿಟ್ಟ. ಸುಮ್ಮನೆ ಕೂರುವ ಜೀವವಲ್ಲ ಅದು. ಬಟ್ಟೆಗಾಗಿ ಕಾಯುವವರ ಮುಖಗಳನ್ನು ಮೇಣದ ಕ್ರೇಯಾನಿನಲ್ಲಿ ಬಿಡಿಸುತ್ತಿದ್ದ. ಬಿಡಿಸಿದ್ದನ್ನು ಯಾರಿಗೂ ತೋರಿಸದೆ ಸುರುಳಿ ಸುತ್ತಿ ಹಲಗೆಯ ಮೇಲೆ ತುರುಕುತ್ತಿದ್ದ.

ಅಪ್ಪ ಹೋದ ಮೇಲೆ ಅವಳು ಸುರುಳಿ ಬಿಚ್ಚಿದಳು. ಇಡೀ ಬೀದಿಯೇ ಒಳಗಿತ್ತು. ಮೊದಲು ಕೆಲವನ್ನು ಅಂಗಡಿಯಲ್ಲೇ ಹಗ್ಗ ಕಟ್ಟಿ, ಕ್ಲಿಪ್ ಹಾಕಿ ತೂಗಿದಳು. ಆಮೇಲೆ ಬ್ಯಾಂಕಿನವರು ಕರೆದರು, ಆಸ್ಪತ್ರೆಯ ವರಾಂಡದಲ್ಲಿ ಜಾಗ ಸಿಕ್ಕಿತು. ಜನ ತಮ್ಮ ತಮ್ಮ ಮುಖ ಹುಡುಕಿಕೊಂಡು ಬಂದರು.

"ನನ್ ಮೂಗು ಇಷ್ಟು ದಪ್ಪ ಇದೆಯಾ?" ಎಂದು ಹಾಲಿನವನು ಜಗಳಕ್ಕೇ ನಿಂತ.

"ಅಪ್ಪ ಸ್ವಲ್ಪ ಕಮ್ಮೀನೇ ಮಾಡಿದಾರೆ," ಎಂದಳು ಅಕ್ಕ.

ಬಾರದವನು ಒಬ್ಬನೇ, ಬಸ್ ಡ್ರೈವರಾಗಿದ್ದ ಅವಳ ಅಣ್ಣ. ಹೇಳದೆ ಕೇಳದೆ ಬೇರೆ ಮನೆ ಮಾಡಿದನೆಂದು ಅಪ್ಪ ಅವನೊಂದಿಗೆ ಮಾತು ಬಿಟ್ಟಿದ್ದ. ಇವನೇನು ಕಮ್ಮಿಯೇ, ಇವನೂ ಬಿಟ್ಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯೂನಿಫಾರ್ಮ್ ಕೊಡಲು ವಾರವಾರ ಅಂಗಡಿಗೆ ಬರುತ್ತಿದ್ದ, ಅಪ್ಪನ ಕಡೆ ತಿರುಗುತ್ತಿರಲಿಲ್ಲ. ಅಪ್ಪ ಸತ್ತ ದಿನವೂ ಅವನು ಅಳಲಿಲ್ಲ. ಒಮ್ಮೆಯಾದರೂ ಅವನು ಈ ಚಿತ್ರಗಳನ್ನು ನೋಡಬೇಕು ಎಂಬುದೊಂದೇ ಅವಳ ಹಟ.

ಲೈಬ್ರರಿಯಲ್ಲಿ ಪ್ರದರ್ಶನ ಇನ್ನೇನು ಶುರುವಾಗಬೇಕು ಎನ್ನುವಾಗ, ಹಲಗೆಯ ಹಿಂದೆ ಬಿದ್ದಿದ್ದ ಸುರುಳಿಯೊಂದರಲ್ಲಿ ಅಣ್ಣನ ಮುಖವೇ ಸಿಕ್ಕಿತು. ಅವಳು ತಕ್ಷಣ ಫೋನ್ ಮಾಡಿದಳು.

"ಅಣ್ಣ, ನಿನ್ ಚಿತ್ರ ಇದೆ, ಬಾ."

"ನಂದಾ? ನಿನಗೇನೋ ಭ್ರಮೆ." ಮತ್ತೆ ತಾನೇ, "ಸರಿ, ಬರ್ತೀನಿ," ಎಂದ.

ಕಾಗದ ಸುಕ್ಕುಗಟ್ಟಿತ್ತು. ಸುಕ್ಕು ಕಂಡರೆ ಅವಳ ಕೈ ಕೇಳುವುದುಂಟೇ? ರೇಷ್ಮೆಗೆ ಮಾಡುವಂತೆ ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ ಪೆಟ್ಟಿಗೆ ಎಳೆದೇಬಿಟ್ಟಳು. ಬಟ್ಟೆ ಎತ್ತಿ ನೋಡಿದಳು. ಮೇಣ ಕರಗಿ ಅಣ್ಣ ಪೂರ್ತಿ ಬಟ್ಟೆಗೆ ಹತ್ತಿಕೊಂಡಿದ್ದ. ಕಾಗದದಲ್ಲಿ ಉಳಿದದ್ದು ಮಸುಕು ಕಲೆ. ಮೇಣ ಬಿಸಿಗೆ ಕರಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈ ಮುಂದೆ ಹೋಯಿತು, ಬುದ್ಧಿ ಹಿಂದೆ ಬಂತು. ಮೇಜಿಗೆ ತಲೆಯಿಟ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಆ ಬಟ್ಟೆಯನ್ನೇ ಲೈಬ್ರರಿಗೆ ಒಯ್ದು ತೂಗುಹಾಕಿದಳು.

ಅಣ್ಣ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದ.

"ಇಸ್ತ್ರಿ ಮಾಡೋಕೆ ಹೋಗಿ ಹಾಳ್ಮಾಡ್ದೆ ಅಣ್ಣ. ಎಡ ಬಲ ಅದಲುಬದಲಾಗಿದೆ," ಎಂದಳು.

"ಇರ್ಲಿ ಬಿಡು. ಕನ್ನಡೀಲಿ ನಾನು ಹೀಗೇ ಕಾಣೋದು."

ನಗುತ್ತಲೇ ಹತ್ತಿರ ಬಗ್ಗಿದವನು ಹಾಗೇ ನಿಂತುಬಿಟ್ಟ. ಚಿತ್ರದ ಹುಬ್ಬಿನ ಮೇಲೆ ಹೊಲಿಗೆ ಬಿದ್ದ ಗಾಯದ ಗುರುತಿತ್ತು. ಅವನು ತನ್ನ ಹುಬ್ಬು ಮುಟ್ಟಿಕೊಂಡ.

"ಬಸ್ಸಿನ ಗಾಜು ಒಡೆದು ಇದಾಗಿದ್ದು ಅಪ್ಪ ತೀರ್ಕೊಳ್ಳೋಕೆ ಸ್ವಲ್ಪ ಮುಂಚೆ. ಆಗ ನಾವು ಮಾತೇ ಆಡ್ತಿರ್ಲಿಲ್ವಲ್ಲ."

"ಆಡ್ತಿರ್ಲಿಲ್ಲ. ನೀನು ಬಟ್ಟೆ ಕೊಡೋಕೆ ಬಂದಾಗ ಬಿಡಿಸಿರ್ಬೇಕು."

ಅಣ್ಣ ಬೆಂಚಿನ ಮೇಲೆ ಕೂತ. "ನಾನು ಬಂದಾಗೆಲ್ಲ ತಲೆ ಬಗ್ಗಿಸಿ ಗೀಚ್ತಾ ಇರ್ತಿದ್ರು. ನನ್ ಮುಖ ನೋಡೋಕೂ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

ಅಪ್ಪ ಸತ್ತಾಗ ಬಾರದ ಅಳು ಈಗ ಬಂತು. ಲೈಬ್ರರಿಯಲ್ಲಿ ಓದುತ್ತಿದ್ದವರು ತಲೆಯೆತ್ತಿ ನೋಡಿದರೂ ಅವನು ಕಣ್ಣೊರೆಸಿಕೊಳ್ಳಲಿಲ್ಲ.

"ಅಪ್ಪ ಒಂದ್ಸಲ ತಲೆ ಎತ್ತಿ, ಬಾ ಅನ್ನಬಾರದಿತ್ತಾ?"

"ನೀನೊಂದ್ಸಲ ಅವರ ಪಕ್ಕ ಹೋಗಿ, ಏನ್ ಗೀಚ್ತಿದಾರೆ ಅಂತ ನೋಡಬಾರದಿತ್ತಾ, ಅಣ್ಣ?" ಎಂದಳು ತಂಗಿ.