ಮಾವ ಬಿಚ್ಚಿದ ಕಿವಿ ಮಿಷನ್ನು

ಹೋದ ವಾರ ಅಮ್ಮನ ಹೊಸ ಕಿವಿ ಮಿಷನ್ನಿನ ಡಬ್ಬಿ ಇಡಲು ಬೀರುವಿನಲ್ಲಿ ಜಾಗ ಮಾಡುತ್ತಿದ್ದೆ. ಹಳೇ ಸೀರೆಗಳ ಹಿಂದೆ ಕ್ಯಾಲೆಂಡರ್ ಹಾಳೆ ಸುತ್ತಿದ ಪೊಟ್ಟಣವೊಂದು ಕೈಗೆ ಸಿಕ್ಕಿತು. ಒಳಗೆ ಬೆಂಕಿಪೊಟ್ಟಣದಷ್ಟೇ ಇರುವ ಹಳೇ ಮಿಷನ್ನು, ಅದಕ್ಕೆ ಸುತ್ತಿದ ವೈರು. ಮೂಗಿನ ಹತ್ತಿರ ಹಿಡಿದೆ. ಬೆಸುಗೆ ಹಾಕುವಾಗ ಏಳುವ ರಾಳದ ವಾಸನೆ ಇನ್ನೂ ಉಳಿದಿತ್ತೋ, ನನಗೇ ಹಾಗನ್ನಿಸಿತೋ... ಎದುರುಮನೆ ಮಾವ ನೆನಪಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆಗ ಮನೆಗೆರಡು ಪವರ್‌ಲೂಮ್ ಮಗ್ಗ. ಮಾವನ ಮನೆಯಲ್ಲೂ ಇದ್ದವು, ನಮ್ಮಲ್ಲೂ ಇದ್ದವು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ತುಟಿ ನೋಡಿ, ಕೈ ಆಡಿಸಿಯೇ ಸಂಸಾರ ಸಾಗುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ಮಾವ ಸ್ಕ್ರೂಡ್ರೈವರ್ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದರು. ಸಂತೆಯಲ್ಲಿ ತಂದ ರಿಮೋಟ್ ಕಾರು, ಕೆಟ್ಟ ರೇಡಿಯೋ, ಕೆಡದ ರೇಡಿಯೋ, ಎಲ್ಲವನ್ನೂ ಬಿಚ್ಚಬೇಕು. ರಿಪೇರಿ ಅವರಿಗೆ ಬೇಕಿರಲಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯಬೇಕು, ತಿಳಿದ ಮೇಲೆ ಅದರ ಕೈಲಿ ಬೇರೇನಾದರೂ ಮಾಡಿಸಬೇಕು. ಕ್ಯಾಲೆಂಡರ್ ಹಾಳೆಯ ಹಿಂದೆ ಒಳಗಿನ ದಾರಿಯನ್ನೆಲ್ಲ ಬರೆದುಕೊಂಡು, ಬಿಚ್ಚಿದ ಸ್ಕ್ರೂಗಳನ್ನು ಅದದರ ಜಾಗದಲ್ಲೇ ಟೇಪು ಹಾಕಿ ಅಂಟಿಸುತ್ತಿದ್ದರು. ಅವರ ಹೆಂಡತಿ, "ನನ್ ಮಿಕ್ಸಿ ಒಂದ್ ಬಿಟ್ಬಿಡಿ, ನಿಮ್ ದಮ್ಮಯ್ಯ" ಅಂತ ಕೈ ಮುಗಿಯುತ್ತಿದ್ದರು.

ನಮ್ಮ ಬಾಗಿಲ ಬೆಲ್ಲು ಅಮ್ಮನಿಗೆ ಕೇಳುತ್ತಿರಲಿಲ್ಲ. ಮಾವ ಅದನ್ನು ಬಿಚ್ಚಿ, ಸದ್ದಿನ ಬದಲು ಮಗ್ಗದ ಮೇಲಿನ ಗೋಡೆಯಲ್ಲೊಂದು ಕೆಂಪು ಬಲ್ಬು ಹತ್ತುವ ಹಾಗೆ ಮಾಡಿಕೊಟ್ಟರು. ನೋಡಲು ಬಂದ ಬೀದಿಯ ಹೆಂಗಸರು ಬಟನ್ ಒತ್ತಿದ್ದೇ ಒತ್ತಿದ್ದು!

ಬರಬರುತ್ತಾ ಮಗ್ಗ ನಿಂತಾಗಲೂ ಅಮ್ಮನಿಗೆ ಕೇಳಿಸದಂತಾಯಿತು. ಅಂಗಡಿಯಿಂದ ಕಿವಿ ಮಿಷನ್ನು ತಂದೆವು. ಬರೀ ಗೊಂಯ್ ಅನ್ನುತ್ತದೆ ಅಂತ ಅಮ್ಮ ಅದನ್ನು ಮೂಲೆಗಿಟ್ಟಳು. ಮಾವ ಕೇಳಿ ತೆಗೆದುಕೊಂಡು ಹೋಗಿ ಹದಿನೈದು ದಿನ ಅದರ ಹಿಂದೆ ಬಿದ್ದರು. ದಪ್ಪ ಸದ್ದನ್ನು ತಗ್ಗಿಸಿ ಸಣ್ಣ ಕೀರಲು ಸದ್ದನ್ನು ಏರಿಸಿದರಂತೆ. ಹದ ನೋಡಿದ್ದೆಲ್ಲ ತಮ್ಮ ಕಿವಿಗೇ ಇಟ್ಟುಕೊಂಡು.

ತಂದ ದಿನ ಅವರ ಮುಖ ನೋಡಬೇಕಿತ್ತು. "ಈಗ ಹಾಕ್ಕೊಳಮ್ಮ, ಮಾತು ಮಾತಾಗೇ ಬರ್ತದೆ" ಅಂದರು. ನಾನು ಕಾಲೇಜು ಮುಗಿಸಿದವಳು, ಬಾಯಿ ಬೇರೆ ಜೋರು. ನಾನು ಮೊದಲು ನೋಡ್ತೀನಿ ಅಂತ ಕಿತ್ತುಕೊಂಡು ಕಿವಿಗಿಟ್ಟೆ. ಅಯ್ಯಪ್ಪಾ! ಸ್ಲೇಟಿನ ಮೇಲೆ ಉಗುರೆಳೆದ ಹಾಗೆ ಕಿರ್ರೆಂದಿತು.

"ಅಯ್ಯೋ ಮಾವ, ಇದನ್ನ ಹಾಕ್ಕೊಂಡ್ರೆ ಇರೋ ಕಿವೀನೂ ಹೋಗ್ತದೆ! ನಿಮಗೇ ಕಿವಿ ಕೇಳಲ್ವಾ ಹೆಂಗೆ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಮ್ಮನಿಗೆ ನನ್ನ ಮಾತು ಕೇಳಲಿಲ್ಲ. ನಾನು ನಗುವುದು ನೋಡಿ ಅವಳೂ ನಕ್ಕಳು. ಮಾವ ನಮ್ಮಿಬ್ಬರ ಮುಖವನ್ನೂ ನೋಡಿದರು. "ಎಲ್ಲೋ ತಪ್ಪಿದೀನಿ ಬಿಡು ಮಗಾ" ಅಂತ ತಂದ ಕ್ಯಾಲೆಂಡರ್ ಹಾಳೆಯಲ್ಲೇ ಸುತ್ತಿ ಮೇಜಿನ ಮೇಲಿಟ್ಟು ಹೊರಟರು. ಅಮ್ಮನ ಕಿವಿಗೆ ಒಂದು ಸಲವೂ ಇಟ್ಟು ನೋಡಲಿಲ್ಲ. ಆಮೇಲೂ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ಬಿಚ್ಚಿದ ವಸ್ತು ಮಾತ್ರ ಮತ್ತೆಂದೂ ನಮ್ಮ ಮನೆಗೆ ತರಲಿಲ್ಲ. ಅವರು ತೀರಿಕೊಂಡು ಈಗ ಆರು ವರ್ಷ...

ಹೊಸ ಮಿಷನ್ನು ಹೊಂದಿಸಿದ ಹುಡುಗಿ ಹಿಂದಿನ ದಿನವಷ್ಟೇ ಕಂಪ್ಯೂಟರ್ ಮುಂದೆ ಕೂತು ಹೇಳಿದ್ದಳು: "ಮಗ್ಗದಲ್ಲಿ ಕೆಲ್ಸ ಮಾಡ್ದೋರಿಗೆ ಮೊದ್ಲು ಸಣ್ಣ ಸೌಂಡೇ ಹೋಗೋದು ಮೇಡಂ. ಅದನ್ನೇ ಜಾಸ್ತಿ ಮಾಡ್ಬೇಕು. ನಿಮ್ ಕಿವಿಗಿಟ್ರೆ ಕಿರುಚುತ್ತೆ, ಅಮ್ಮಂಗೆ ಸರಿಯಾಗಿರುತ್ತೆ." ಹೂಂ ಅಂದು ಬಂದಿದ್ದೆ. ಈಗ ಪೊಟ್ಟಣ ಹಿಡಿದು ಕೂತವಳಿಗೆ ಆ ಮಾತು ನೆನಪಾಯಿತು. ಮಾವನದೂ ಮಗ್ಗದ ಕಿವಿಯೇ ಅಲ್ಲವೇ? ಅವರು ಎಲ್ಲೂ ತಪ್ಪಿರಲಿಲ್ಲ. ಅಮ್ಮನಿಗೆ ಬೇಕಾದ್ದನ್ನೇ ಮಾಡಿ ತಂದಿದ್ದರು. ಇಷ್ಟು ವರ್ಷ ಅದು ನಮ್ಮ ಬೀರುವಿನಲ್ಲೇ ಇತ್ತು.

ಅಂಗಡಿಗೆ ಹೋಗಿ ಸೆಲ್ಲು ತಂದು ಹಾಕಿದೆ. ಅಮ್ಮನ ಹೊಸ ಮಿಷನ್ನು ತೆಗೆಸಿ ಇದನ್ನಿಟ್ಟೆ. ಬೆನ್ನ ಹಿಂದೆ ನಿಂತು ಮೆಲ್ಲಗೆ "ಅಮ್ಮಾ" ಅಂದೆ. ಅಮ್ಮ ತಿರುಗಿದಳು.

"ಇದ್ರಲ್ಲೂ ಕೇಳ್ತದಲ್ಲೇ! ಎಲ್ಲಿತ್ತೇ ಇದು?"

"ಎದುರುಮನೆ ಮಾವ ಮಾಡಿದ್ದು ಕಣಮ್ಮ."

ಮಗ್ಗ ಮಾರಿದ ಮೇಲೂ ಗೋಡೆಯಲ್ಲೇ ಉಳಿದ ಕೆಂಪು ಬಲ್ಬನ್ನು ಅಮ್ಮ ತುಂಬ ಹೊತ್ತು ನೋಡಿದಳು. "ಅಷ್ಟ್ ವರ್ಷ ಎದುರುಬದುರು ಇದ್ವಿ, ಬರೀ ತುಟಿ ನೋಡ್ಕೊಂಡೇ ಆಗೋಯ್ತು. ಆ ಅಣ್ಣನ ದನೀನೇ ಮರ್ತೋಗಿದೆ, ಹೆಂಗಿತ್ತೇ?"

ದಪ್ಪ ದನಿ ಕಣಮ್ಮ, ಅಂದೆ. ಅವಳಿಗೆ ಆ ದನಿ ಕೇಳಿಸಲು ಅವರೇ ಬಾಗಿಲಿಗೆ ಬಂದಿದ್ದರು. ನಕ್ಕು ಕಳಿಸಿದವಳು ನಾನು.