ಇನ್ನಾಸಪ್ಪನವರ ಟಾರ್ಪಾಲು ಭೂಪಟ

ಇನ್ನಾಸಪ್ಪನವರು ಸಂತ ಪೌಲನ ಬಗ್ಗೆ ಮಾತಾಡಿದರೆ ಎರಡು ಸಾವಿರ ವರ್ಷದ ಹಿಂದಿನವನ ಮಾತು ಅನಿಸುತ್ತಲೇ ಇರಲಿಲ್ಲ. ಬೆಳಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಪಕ್ಕದ ಮಳಿಗೆಯನ್ನು ಮೊನ್ನೆ ತಾನೆ ಖಾಲಿ ಮಾಡಿ ಹೋದವನೊಬ್ಬನ ಸುದ್ದಿ ಅನಿಸುತ್ತಿತ್ತು. "ನಮ್ ಕಸುಬಿನೋನು ಕಣಮ್ಮ, ಗುಡಾರ ಹೊಲಿಯೋನು. ಕೆಲಸದಲ್ಲಿ ಎತ್ತಿದ ಕೈ. ಬಾಯಿ ಮಾತ್ರ ವಸಿ ಜಾಸ್ತಿ," ಎನ್ನುವರು. ತುಟಿಯ ಮೂಲೆಯಲ್ಲಿ ಸದಾ ದಬ್ಬಣ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತೆಲ್ಲ ಬಾಯಿಯ ಎಡಗಡೆಯಿಂದಲೇ ಹೊರಡುತ್ತಿತ್ತು.

ಅವರದು ಟಾರ್ಪಾಲು ಹೊಲಿಯುವ ಅಂಗಡಿ. ಕಣದಲ್ಲಿ ಕಾಫಿ ಹರವಿದ ಹೊತ್ತಿಗೆ ಸರಿಯಾಗಿ ಮೋಡ ಕಟ್ಟಿದರೆ ಸುತ್ತಲಿನ ಎಸ್ಟೇಟುಗಳ ಲೆಕ್ಕ ಬರೆಯುವ ರೈಟರುಗಳೆಲ್ಲ ಅವರ ಬಾಗಿಲಲ್ಲಿ ಇರುತ್ತಿದ್ದರು. ಎಂಥ ದೊಡ್ಡ ಎಸ್ಟೇಟಿನವರೇ ಆಗಲಿ, ಒದ್ದೆ ಟಾರ್ಪಾಲು ತಂದರೆ ಇವರು ಮುಟ್ಟುತ್ತಿರಲಿಲ್ಲ. "ಒಣಗಿಸ್ಕೊಂಡ್ ಬನ್ನಿ, ಹೊಲೀತೀನಿ," ಎಂದು ಬೆನ್ನು ತಿರುಗಿಸಿಬಿಡುವರು. ಸುರಿಯುವ ಮಳೆಯಲ್ಲಿ ಎಲ್ಲಿ ಒಣಗಿಸುವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನನಗೆ ಅವರ ಪರಿಚಯವಾದದ್ದು ನನ್ನ ದಡ್ಡತನದಿಂದ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ, ಮಗ್ಗೆಯಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಅತಿಥಿ ಎಂದರೆ ಗೊತ್ತಲ್ಲ, ವರ್ಷ ವರ್ಷವೂ ಹೆಡ್‌ಮಾಸ್ಟರು ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಗಿನ್ನೂ ಮೊದಲ ವರ್ಷ. ಊರಿನವರು ಒಬ್ಬರು ದೂರು ಹೇಳಿದರೂ ನನ್ನ ಕೆಲಸ ಹೋಗುತ್ತಿತ್ತು.

ಆವತ್ತು ಕ್ರೈಸ್ತ ಧರ್ಮದ ಉದಯದ ಪಾಠ. ನಾನು ಓದಿಕೊಂಡು ಹೋಗಿರಲಿಲ್ಲ. ನಮ್ಮ ಕಡೆ ಹಳೇ ಚರ್ಚು ಎಂದರೆ ಬಿಳಿ ದೊರೆಗಳ ಕಾಲದ್ದು. ಕಾಫಿಯನ್ನೂ ಧರ್ಮವನ್ನೂ ಅವರು ಒಂದೇ ಹಡಗಿನಲ್ಲಿ ತಂದರೆಂದು ನಂಬಿ ಬೆಳೆದವಳು ನಾನು. ಪುಸ್ತಕ ತೆರೆಯದೆಯೇ "ಈ ಧರ್ಮ ಹುಟ್ಟಿದ್ದು ಯುರೋಪಿನಲ್ಲಿ" ಎಂದುಬಿಟ್ಟೆ. ಎರಡನೇ ಬೆಂಚಿನ ಸ್ಟೆಲ್ಲಾ ಎದ್ದು ನಿಂತಳು.

"ಅಲ್ಲ ಮಿಸ್, ನಮ್ ತಾತ ಬೇರೆ ಹೇಳ್ತಾರೆ."

"ಪಾಠ ಮಾಡೋದು ನಿಮ್ಮ ತಾತನಾ, ನಾನಾ? ಕೂತ್ಕೊ."

ಕ್ಲಾಸೆಲ್ಲ ನಕ್ಕಿತು. ಅವಳ ಕಣ್ಣು ತುಂಬಿಬಂತು. ಸಂಜೆ ಮನೆಗೆ ಹೋಗಿ ಪುಸ್ತಕ ತೆರೆದರೆ ಪಾಠದ ಮೊದಲ ಪುಟದಲ್ಲೇ ಪ್ಯಾಲೆಸ್ಟೈನ್ ಅಂತ ಇದೆ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ಕರೆಸಿದರು. ಅವರ ಮೇಜಿನ ಮುಂದೆ, ಮಡಿಸಿದ ನೀಲಿ ಟಾರ್ಪಾಲೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನಾಸಪ್ಪನವರು ನಿಂತಿದ್ದರು. ಸ್ಟೆಲ್ಲಾಳ ತಾತ ಇವರೇ ಎಂದು ಗೊತ್ತಾದದ್ದು ಆಗಲೇ. ಕೆಲಸ ಹೋಯಿತು ಅಂದುಕೊಂಡು ಬಾಗಿಲಲ್ಲೇ ನಿಂತೆ.

"ಏನ್ ಇನ್ನಾಸಪ್ಪ, ಟೀಚರ್ ವಿಷಯ ಅಂದ್ರಲ್ಲ, ಹೇಳಿ," ಎಂದರು ಹೆಡ್‌ಮಾಸ್ಟರು.

ಇನ್ನಾಸಪ್ಪನವರು ನನ್ನನ್ನು ಒಂದು ಗಳಿಗೆ ನೋಡಿದರು. "ಏನಿಲ್ಲ ಸಾರ್. ಟೀಚರಮ್ಮೋರು ಪಾಠಕ್ಕೆ ಭೂಪಟ ಬೇಕು ಅಂದಿದ್ರು. ತಂದಿದ್ದೀನಿ."

ನಾನು ಕೇಳಿರಲೇ ಇಲ್ಲ. ಹೋದ ಜೀವ ಬಂದಂತಾಯಿತು.

ಕ್ಲಾಸಿನಲ್ಲಿ ಬೆಂಚು ಸರಿಸಿ ಅದನ್ನು ಹಾಸಿದರು. ಚರ್ಚಿನ ಮಕ್ಕಳಿಗೆಂದು ಯಾವಾಗಲೋ ಮಾಡಿದ್ದಂತೆ. ನೀಲಿ ಟಾರ್ಪಾಲೇ ಸಮುದ್ರ. ಅದರ ಮೇಲೆ ಹೊಲಿದ ಹಳೇ ಖಾಕಿ ಕ್ಯಾನ್ವಾಸಿನ ತುಂಡುಗಳು ನೆಲ. ಕೆಂಪು ದಾರದ ಹೊಲಿಗೆ ದಾರಿ. ಇನ್ನಾಸಪ್ಪನವರು ಅದರ ಮೇಲೆ ಮಂಡಿಯೂರಿ ಕೂತರು.

"ಇದು ಜೆರುಸಲೇಮು. ಶುರುವಾಗಿದ್ದು ಇಲ್ಲಿ. ಯೇಸುನೂ ಯೆಹೂದಿ, ಮೊದಲನೇ ಶಿಷ್ಯರೂ ಯೆಹೂದಿಗಳೇ. ಇದು ಅಂತಿಯೋಕ್ಯ, ದೊಡ್ಡ ಪ್ಯಾಟೆ. ಕ್ರೈಸ್ತರು ಅನ್ನೋ ಹೆಸರು ಬಿದ್ದಿದ್ದೇ ಅಲ್ಲಿ. ಇದು ತಾರ್ಸ, ನಮ್ ಪೌಲನ ಊರು. ಆಡಿನ ಕೂದಲಲ್ಲಿ ಗುಡಾರದ ಬಟ್ಟೆ ನೇಯೋ ಸೀಮೆ. ರೋಮಿನೋರು ಸೈನ್ಯ ಓಡಾಡ್ಲಿ ಅಂತ ರಸ್ತೆ ಹಾಕಿದ್ರು. ಅದೇ ರಸ್ತೇಲಿ ಇವನು ನಡ್ಕೊಂಡ್ ಹೋಗ್ಬುಟ್ಟ. ಗುಡಾರ ಹೊಲಿಯೋನಿಗೆ ಎಲ್ಲೋದ್ರೂ ಕೆಲಸ ಐತೆ. ಕೊರಿಂಥದಲ್ಲಿ ಗಂಡ ಹೆಂಡ್ತಿ ಇಬ್ರೂ ಇದೇ ಕಸುಬು, ಅವ್ರ ಮನೇಲೇ ಉಳ್ಕೊಂಡ."

"ಚರ್ಚಲ್ಲಿ ಉಳ್ಕೊಬಹುದಿತ್ತಲ್ಲ?" ಎಂದನೊಬ್ಬ ಹುಡುಗ.

"ಆಗ ಚರ್ಚೆಲ್ಲಿತ್ತು ಮಾರಾಯ? ಯಾರ್ದಾದ್ರೂ ಮನೇಲಿ ಕೂತು, ರೊಟ್ಟಿ ಹಂಚ್ಕೊಂಡು ತಿಂದು, ಪ್ರಾರ್ಥನೆ ಮಾಡೋರು. ದೊಡ್ಡ ದೊಡ್ಡ ಕಟ್ಟಡ ಎಲ್ಲಾ ಎಷ್ಟೋ ಕಾಲ ಆದ್ಮೇಲೆ. ಕಾಫಿನೂ ದೊರೆಗಳೇ ತಂದ್ರು ಅಂತೀರಲ್ಲ, ಅದೂ ಮೊದಲು ಬಂದಿದ್ದು ಅರಬರ ಸೀಮೆಯಿಂದ."

ಹೇಳುವಾಗ ನನ್ನ ಕಡೆ ತಿರುಗಲೂ ಇಲ್ಲ. ನನಗೇ ತಡೆಯಲಾಗಲಿಲ್ಲ. "ನಿನ್ನೆ ನಾನು ಹೇಳಿದ್ದು ತಪ್ಪು ಮಕ್ಕಳೇ. ಸ್ಟೆಲ್ಲಾ ಹೇಳಿದ್ದೇ ಸರಿ. ಅವಳನ್ನ ಗದರಿದ್ದೂ ತಪ್ಪು," ಎಂದೆ. ಸ್ಟೆಲ್ಲಾ ನಾಚಿ ತಲೆ ತಗ್ಗಿಸಿದಳು. ಅವಳ ತಾತ ಏನೂ ಕೇಳಿಸದವರಂತೆ, "ಆ ಮೂಲೆ ಹಿಡ್ಕೊಳಿ ಟೀಚರಮ್ಮ, ಮಡಿಸಣ," ಎಂದರು.

ಆಮೇಲೆ ಸಂಜೆ ಬಸ್ಸು ಬರುವ ತನಕ ನನ್ನ ಜಾಗ ಅವರ ಅಂಗಡಿಯ ಸ್ಟೂಲು. ಏಳನೇ ಕ್ಲಾಸು ಓದಿದ ಮನುಷ್ಯ ಎಫೆಸದಿಂದ ರೋಮಿನವರೆಗೆ ಊರುಗಳನ್ನು ಯಸಳೂರು ಬಸ್ಸಿನ ಸ್ಟಾಪುಗಳಂತೆ ಒಪ್ಪಿಸುತ್ತಿದ್ದರು. ರೋಮಿಗೆ ಹೋಗುವಾಗ ಪೌಲನ ಹಡಗು ಒಡೆದದ್ದರ ಬಗ್ಗೆ ಮಾತ್ರ ಅವರಿಗೆ ಕೊನೆಯವರೆಗೂ ಸಿಟ್ಟಿತ್ತು. "ಹಾಯಿ ಹೊಲಿಯಕ್ಕೆ ಅವನಿಗೇ ಕೊಡಬೇಕಿತ್ತು. ಒಡೀತಲೇ ಇರ್ಲಿಲ್ಲ!"

ಹೋದ ವರ್ಷ ಕಾಯಿಲೆ ಬಿದ್ದು ಯಸಳೂರಿನ ಮಗಳ ಮನೆ ಸೇರಿದರು. ನೋಡಲು ಹೋದೆ. ತುಂಬ ಇಳಿದುಹೋಗಿದ್ದರು. ಇಷ್ಟು ವರ್ಷ ಬಾಯಿಗೆ ಬಂದು ನಿಂತಿದ್ದ ಮಾತನ್ನು ಆಡಿಯೇಬಿಟ್ಟೆ. "ಆವತ್ತು ನೀವು ದೂರು ಹೇಳಿದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು."

"ಹೇಳಕ್ಕೇ ಬಂದಿದ್ದೆ ಕಣಮ್ಮ," ಎಂದರು. "ಮೊಮ್ಮಗಳು ಅತ್ಕೊಂಡ್ ಬಂದಿದ್ಲು, ಹೊಟ್ಟೆ ಉರೀತಿತ್ತು. ಟಾರ್ಪಾಲು ತಂದಿದ್ದೂ ನಿಮ್ ತಪ್ಪು ತೋರ್ಸಕ್ಕೇ. ಬಾಗಿಲಲ್ಲಿ ನಿಂತು ನಡುಗ್ತಾ ಇದ್ರಿ. ನೋಡ್ದೆ, ಸುಳ್ಳು ಬಂದ್ಬುಡ್ತು. ಆಮೇಲೆ ಫಾದರ್ ಹತ್ರ ಪಾಪನಿವೇದನೇನೂ ಮಾಡ್ದೆ."

"ಫಾದರ್ ಏನಂದ್ರು?"

"ನಿಜ ಹೇಳಿದ್ರೆ ಯಾರಿಗಾದ್ರೂ ಒಳ್ಳೇದಾಗ್ತಿತ್ತಾ ಅಂದ್ರು. ಇಲ್ಲ ಅಂದೆ. ಹಂಗಾದ್ರೆ ಏಳು, ಹಿಂದೆ ಜನ ಕಾಯ್ತಾವ್ರೆ ಅಂದ್ರು."

ಇಬ್ಬರೂ ನಕ್ಕೆವು. ನನಗೆ ಅಳುವೂ ಬಂತು. ಅದಾದ ಎಂಟನೇ ದಿನಕ್ಕೆ ಅವರು ತೀರಿಕೊಂಡರು. ಸದ್ಯ, ಅಷ್ಟರೊಳಗೆ ಆ ಮಾತು ಆಡಿಬಿಟ್ಟಿದ್ದೆ.